ಹೆಸರು ಹಾಕದ ಕಾಗದ

ಸುಳ್ಯದಲ್ಲಿ ನಾನು ಬೇಕೆಂದೇ ಬಿಟ್ಟಿರುವ ಒಂದು ರಸ್ತೆ ಇದೆ. ಬಸ್ ನಿಲ್ದಾಣದಿಂದ ನಾನು ಕೆಲಸ ಮಾಡುವ ಕಾಲೇಜಿಗೆ ಅದೇ ಹತ್ತಿರದ ದಾರಿ. ಆದರೂ ಸುತ್ತು ಹಾಕಿ ಹೋಗುತ್ತೇನೆ. ಆ ರಸ್ತೆಯಲ್ಲಿ ರಬ್ಬರ್ ಖರೀದಿಯ ಅಂಗಡಿಯೊಂದಿದೆ. ಒಳಗೆ ಹೊಗೆ ಹಾಕಿದ ಶೀಟುಗಳ ಅಟ್ಟಿ, ಹೊರಗೆ ಜಗಲಿಯಲ್ಲಿ ಸ್ಕ್ರ್ಯಾಪಿನ ಗೋಣಿಗಳು. ರಬ್ಬರ್ ಮರದ ಗಾಯದ ಮೇಲೂ ಹಾಲು ಹಿಡಿಯುವ ಚಿಪ್ಪಿನ ತಳದಲ್ಲೂ ಹೆಪ್ಪುಗಟ್ಟಿ ಉಳಿದ ಹಾಲನ್ನು ಕಿತ್ತು ತುಂಬಿದರೆ ಅದು ಸ್ಕ್ರ್ಯಾಪ್. ಬೇಸಿಗೆಯಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ಕೊಳೆಯುತ್ತದೆ. ಅದರ ನಾತ ಸತ್ತ ಪ್ರಾಣಿಯದ್ದಲ್ಲ, ಕೆಟ್ಟ ಹಾಲಿನದ್ದೂ ಅಲ್ಲ, ಎರಡರ ನಡುವಿನದ್ದು. ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ.

ಕಳೆದ ವಾರ ನನ್ನ ಸುತ್ತುದಾರಿಯನ್ನು ಪೈಪು ಹಾಕಲು ಅಗೆದಿದ್ದರು. ಬೇರೆ ಉಪಾಯವಿಲ್ಲದೆ ಆ ಅಂಗಡಿಯ ಮುಂದೆ ಹೋದೆ. ನಾತ ಬಂತು. ಅದರ ಹಿಂದೆಯೇ, ಪ್ರತಿ ಸಲದಂತೆ, ಗುಲಾಬಿಯ ಕ್ರೀಮಿನ ಪರಿಮಳವೂ ಬಂತು. ಆ ಪರಿಮಳ ಅಂಗಡಿಯಲ್ಲಿಲ್ಲ, ನನ್ನ ತಲೆಯಲ್ಲಿದೆ. ನನಗೆ ವಾಕರಿಕೆ ಬರುವುದು ರಬ್ಬರಿನಿಂದಲ್ಲ, ಆ ಗುಲಾಬಿಯಿಂದ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ದಾಟುವಷ್ಟರಲ್ಲಿ ಒಳಗಿನಿಂದ ಯಾರೋ "ತಂಗೀ" ಎಂದರು. ಹಮೀದ್ ಕಾಕ. ಅಂಗಡಿಯ ಮಾಲಕರ ಅಣ್ಣ, ಹಡಗಿನಲ್ಲಿ ಅಡುಗೆ ಮಾಡುವವರು. ಅವರು ಹೇಳಿದ್ದನ್ನು ಬರೆಯುವ ಮೊದಲು ಅವರ ಪರಿಚಯವಾದ, ಕೆಲವು ವರ್ಷಗಳ ಹಿಂದಿನ ಆ ಮಳೆಗಾಲವನ್ನು ಬರೆಯಬೇಕು.

ಆ ವರ್ಷ ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ವಾರವಿಡೀ ಪಿಜಿಯಲ್ಲಿ, ಶನಿವಾರ ಸಂಜೆ ಕಾಣಿಯೂರಿನ ಹತ್ತಿರದ ನಮ್ಮ ಮನೆಗೆ. ಬೇಸಿಗೆಯಲ್ಲಿ ಮರ್ಕಂಜದ ಚೇತನ್ ಎಂಬವನ ಜೊತೆ ನನ್ನ ವೀಳ್ಯಶಾಸ್ತ್ರ ಆಗಿ, ನಿಶ್ಚಯದ ಉಂಗುರವೂ ಬಂದಿತ್ತು. ಅವನದು ಸರಕು ಹಡಗಿನ ಇಂಜಿನ್ ವಿಭಾಗದಲ್ಲಿ ಕೆಲಸ. ಅವನು ಹಡಗು ಹತ್ತಿ, ಕರಾರಿನ ಕಾಲ ಮುಗಿಸಿ ಇಳಿದು ಬಂದ ಮೇಲೆ ದೀಪಾವಳಿ ಕಳೆದು ಮದುವೆ ಎಂದು ಮಾತು. ನಾವು ಭೇಟಿಯಾದದ್ದು ಮೂರೇ ಸಲ. ಮೂರು ಸಲವೂ ಸುತ್ತ ಜನ, ಮಧ್ಯದಲ್ಲಿ ಚಾ ತಟ್ಟೆ. ಆ ಮಳೆಗಾಲದ ಮೊದಲ ಅರ್ಧದಲ್ಲಿ ನಾನು ಅವನನ್ನು ಅವರು ಎನ್ನುತ್ತಿದ್ದೆ.

ಹೊರಡುವ ಮೊದಲು ಫೋನಿನಲ್ಲಿ ಅವನು ಹಡಗಿನ ಟಪಾಲಿನ ಕ್ರಮ ವಿವರಿಸಿದ.

"ನಮ್ಮದು ಮುದುಕಿ ಹಡಗು ಮಾರಾಯ್ತಿ. ಕ್ಯಾಬಿನ್ನಿನಲ್ಲಿ ನೆಟ್ ಎಲ್ಲ ಇಲ್ಲ. ಇಡೀ ಹಡಗಿಗೆ ಒಂದೇ ಮೇಲ್ ವಿಳಾಸ. ನೀನು ಅದಕ್ಕೆ ಬರಿ, ವಿಷಯ ಅಂತ ಬರೆಯುವಲ್ಲಿ ನನ್ನ ಹೆಸರು ಹಾಕು. ಕ್ಯಾಪ್ಟನ್ ಪ್ರಿಂಟ್ ತೆಗೆದು ಮಡಚಿ ನನಗೆ ಕೊಡ್ತಾರೆ."

"ಹೆಸರು ಹಾಕದಿದ್ದರೆ?"

"ಅದು ಎಲ್ಲರಿಗೂ ಅಂತ ಲೆಕ್ಕ. ಮೆಸ್ಸಿನ ಬೋರ್ಡಿಗೆ ಹಚ್ಚುದು. ನೀನು ಮರೀಬೇಡ, ಮತ್ತೆ ಎಲ್ಲರೂ ಓದಿ ಬಿಟ್ಟಾರು!" ಎಂದು ನಕ್ಕ.

ನಾನು ಒಮ್ಮೆಯೂ ಮರೆಯಲಿಲ್ಲ. ಹಡಗಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲವೆಂದು ಕನ್ನಡವನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದೆ. ಯಾರಿಗಾಗಿಯೂ ಹಾಗೆ ಬರೆದವಳಲ್ಲ. ಮೊದಲ ಕಾಗದಗಳಲ್ಲಿ ಹವಾಮಾನ, ಕಾಲೇಜು, ಪಿಜಿಯ ನೀರುಸಾಂಬಾರು. ಅವನ ಉತ್ತರಗಳೂ ಹಾಗೆಯೇ ಇದ್ದವು: ಅಲೆ ಜೋರು, ಇಂಜಿನ್ ಬಿಸಿ, ಊಟ ಪರವಾಗಿಲ್ಲ, ಅಡುಗೆಯವರು ಸುಳ್ಯದವರೇ. ಒಮ್ಮೆ ಬರೆದ: ನಿನ್ನ ಬಗ್ಗೆ ಯಾರಿಗೂ ಗೊತ್ತಿಲ್ಲದ ಏನಾದರೂ ಬರಿ.

ನಾನು ಆ ಸಾಲನ್ನು ಕೆಲವು ದಿನ ಜೊತೆಗೆ ಇಟ್ಟುಕೊಂಡು ತಿರುಗಿದೆ. ಕೊನೆಗೆ ನನ್ನ ಕೈಯ ಬಗ್ಗೆ ಬರೆದೆ.

ನಮ್ಮ ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಮಳೆಗಾಲದಲ್ಲೂ ಗಾಯಕ್ಕೆ ನೀರು ಇಳಿಯದಂತೆ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿ ಕೆಲಸ ನಡೆಯುತ್ತಿತ್ತು. ಶಾಲೆಗೆ ಹೋಗುವ ಮೊದಲು ಹೆಪ್ಪಾದ ಹಾಲನ್ನು ಟ್ರೇಯಿಂದ ಎತ್ತಿ ರೋಲರಿಗೆ ಕೊಡುವುದು ನನ್ನ ಕೆಲಸ. ಹೆಪ್ಪು ಹಾಕುವ ಆಸಿಡಿನ ಹುಳಿ, ಹಾಲಿನ ನಾತ ಬೆರಳಿನ ಸಂದಿಯಲ್ಲಿ ಕೂತರೆ ಏಳುತ್ತಿರಲಿಲ್ಲ. ಲಿಂಬೆಹುಳಿ ತಿಕ್ಕಿದೆ, ಬೂದಿ ತಿಕ್ಕಿದೆ. ಬೆಂಚಿನಲ್ಲಿ ಹುಡುಗಿಯರು ಸರಿದು ಕೂತರು, ಆಮೇಲೆ ಬೆಂಚನ್ನೇ ಬಿಟ್ಟರು. ನಾನು ಕೈಯನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡೇ ಹತ್ತನೇ ತರಗತಿ ಮುಗಿಸಿದೆ. ಈಗಲೂ ಕರಿಹಲಗೆಯಲ್ಲಿ ಬರೆದು ತಿರುಗಿದಾಗ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಇದನ್ನು ಅವ್ವನಿಗೂ ಹೇಳಿರಲಿಲ್ಲ. ಅವನಿಗೆ ಬರೆದೆ, ಅವನ ಹೆಸರು ಹಾಕಿ ಕಳಿಸಿದೆ.

ಉತ್ತರ ಬಂತು. "ನಿನ್ನ ಕಾಗದ ಸೂಪರ್. ಇನ್ನೂ ಉದ್ದ ಬರಿ. ಸ್ವಲ್ಪ ಪ್ರೀತಿ ಗೀತಿ ಹಾಕಿ ಬರಿ."

ಕೈಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಗಂಡಸರಿಗೆ ಇಂಥದ್ದಕ್ಕೆ ಉತ್ತರ ಬರೆಯಲು ಸಂಕೋಚವಿರಬಹುದು ಎಂದುಕೊಂಡೆ. ಪ್ರೀತಿ ಗೀತಿ ನನ್ನಿಂದಾಗಲಿಲ್ಲ. ಮುಂದಿನ ಕಾಗದದಲ್ಲಿ ಮತ್ತೆ ಹವಾಮಾನ.

ಆಟಿ ತಿಂಗಳು, ನಮ್ಮ ಕಡೆಯ ಆಷಾಢ, ಹಿಡಿದಿತ್ತು. ಒಂದು ಶನಿವಾರ ಕಾಲೇಜು ಬಿಟ್ಟ ಹೊತ್ತಿಗೆ ಫೋನು. "ನಾನು ಹಮೀದ್, ಚೇತನ್ ಹಡಗಿನ ಅಡುಗೆಯವ. ರಜೆಯಲ್ಲಿ ಬಂದಿದ್ದೇನೆ. ನಿಮಗೊಂದು ಪ್ಯಾಕೆಟ್ ಉಂಟು, ತಮ್ಮನ ಅಂಗಡಿಯಲ್ಲಿ ಇಟ್ಟಿದ್ದೇನೆ." ಪುತ್ತೂರಿನಿಂದ ನೇರ ಮನೆಗೆ ಹೋಗುವ ಬದಲು ಸುಳ್ಯದ ಬಸ್ ಹತ್ತಿದೆ. ಅಂಗಡಿ ಎಂದರೆ ರಬ್ಬರ್ ಅಂಗಡಿ ಎಂದು ಅವರು ಹೇಳಿರಲಿಲ್ಲ.

ಹಮೀದ್ ಕಾಕ ಐವತ್ತು ದಾಟಿದವರು, ಅರ್ಧ ನರೆತ ಗಡ್ಡ, ನಗುಮುಖ. ನನ್ನನ್ನು ಕಂಡದ್ದೇ ಎದ್ದು ನಿಂತು ತಮ್ಮನಿಗೆ ಹೇಳಿದರು, "ಏ, ಮೇಡಂಗೆ ಆ ಕುರ್ಚಿ ಒರಸಿ ಕೊಡು ಮಾರಾಯ." ಆಮೇಲೆ ನನಗೆ, "ನೋಡುದು ಮಾತ್ರ ಇವತ್ತು ತಂಗಿ. ಗೊತ್ತಿರುದು ಯಾವಾಗಿನಿಂದಲೋ."

ಅದನ್ನು ಮರ್ಯಾದೆಯ ಮಾತು ಎಂದು ತಿಳಿದೆ.

"ಇಲ್ಲೇ ಬಿಚ್ಚಿ ನೋಡಿ. ನಾಳೆ ಈ ಹಮೀದ್ ಬ್ಯಾರಿ ದಾರಿಯಲ್ಲಿ ಅರ್ಧ ತಿಂದ ಅಂತ ಆಗಬಾರದು," ಎಂದು ನಕ್ಕರು.

ಬಿಚ್ಚಿದೆ. ಚಾಕಲೇಟು, ಒಂದು ಶಾಲು, ಮತ್ತೆ ಕೈಗೆ ಹಚ್ಚುವ ಗುಲಾಬಿ ಕ್ರೀಮಿನ ದೊಡ್ಡ ಬಾಟಲಿ. ಅದರ ಮುಚ್ಚಳ ತಿರುಗಿಸಿ ಮೂಸಿದೆ. ಕಾಗದದಲ್ಲಿ ಉತ್ತರಿಸದವನು ಹೀಗೆ ಉತ್ತರಿಸಿದ್ದಾನೆ ಎಂದು ನನಗೆ ನಿಜವಾಗಿ ಸಂತೋಷವಾಯಿತು. ಆ ಸಂತೋಷ ನೆನಪಾದರೆ ಈಗ ಮೈಯೆಲ್ಲ ಮುದುಡುತ್ತದೆ.

"ಕ್ರೀಮ್ ಚೇತನ್ ಒಬ್ಬರದ್ದಲ್ಲ," ಎಂದರು ಹಮೀದ್ ಕಾಕ. "ನಾವೆಲ್ಲ ಸೇರಿ ತೆಗೆದದ್ದು. ಬಂದರಿನಲ್ಲಿ ಇಳಿದಾಗ ಬೋಸನ್ನೇ, ಡೆಕ್ಕಿನವರ ಮೇಸ್ತ್ರಿ, ಆರಿಸಿದ್ದು. ಹೆಚ್ಚು ಪರಿಮಳದ್ದೇ ಬೇಕು ಅಂತ."

"ಎಲ್ಲ ಅಂದರೆ?"

"ಮೆಸ್ಸಿನವರು. ಭಾನುವಾರ ನಾನು ಬಿರಿಯಾನಿ ಮಾಡುದು. ಊಟ ಆದ ಮೇಲೆ ಮನೆಯಿಂದ ಬಂದ ಕಾಗದ ಓದುದು, ಅದು ನಮ್ಮಲ್ಲಿ ಕ್ರಮ. ಕೆಲವರಿಗೆ ಕಾಗದವೇ ಬರುದಿಲ್ಲ ಅಲ್ಲಾ, ಅವರೂ ಕೇಳ್ತಾರೆ. ನಿಮ್ಮದು ಬಂದ ವಾರ ನಾನು ಚಾ ಜಾಸ್ತಿ ಇಡ್ಬೇಕು."

"ನಾನು ಬರೆಯುದು ಕನ್ನಡದಲ್ಲಿ."

"ಅದೇ. ಕನ್ನಡ ನನಗೂ ಚೇತನ್‌ಗೂ ಮಾತ್ರ. ಅವರು ಕಾಗದ ಕೈಯಲ್ಲಿ ಹಿಡ್ಕೊಂಡು ಹಿಂದಿಯಲ್ಲಿ ಹೇಳ್ತಾ ಹೋಗುದು. ಎಂತ ಹೇಳುವ ಚೆಂದ! ಆ ಕೈಯ ಕಥೆ ಉಂಟಲ್ಲ, ಹುಡುಗಿಯರು ಬೆಂಚಿಂದ ಎದ್ದು ಓಡುದು, ನೀವು ಬೂದಿ ತಿಕ್ಕುದು... ಬೋಸನ್‌ಗೆ ನಕ್ಕು ನಕ್ಕು ಚಾ ಮೂಗಿಗೆ ಹೋಯಿತು."

ಅಂಗಡಿಯ ತಕ್ಕಡಿಯಲ್ಲಿ ಯಾರೋ ಸ್ಕ್ರ್ಯಾಪಿನ ಗೋಣಿ ಇಳಿಸಿದರು. ಗೋಣಿಯ ಅಡಿಯಿಂದ ಕಂದು ನೀರು ನನ್ನ ಚಪ್ಪಲಿಯ ಕಡೆಗೆ ಹರಿದು ಬಂತು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

"ಬೇಜಾರು ಮಾಡಬೇಡಿ, ಕೆಟ್ಟ ನಗೆ ಅಲ್ಲ ತಂಗಿ," ಎಂದರು, ನನ್ನ ಮುಖ ನೋಡಿ. "ಶರ್ಟಿನ ಕಾಗದದ ದಿನ ಒಬ್ಬನೂ ನಗಲಿಲ್ಲ. ಒಡಿಶಾದವ ಒಬ್ಬ ಅತ್ತೇ ಬಿಟ್ಟ."

"ಯಾವ ಶರ್ಟು?"

ಅವರು ಗಡ್ಡ ಸವರಿಕೊಂಡರು. "ನೀವು ನನ್ನ ಮಗಳ ಪ್ರಾಯದವರು, ನಾನು ಹೇಳುದು ಸರಿಯಲ್ಲ. ಅದೇ, ಚೇತನ್ ಬಿಟ್ಟು ಬಂದ ಶರ್ಟ್ ಹಾಕ್ಕೊಂಡು ನೀವು ಮಲಗುದು ಅಂತ ಬರೆದಿದ್ರಲ್ಲ. ಅದರ ನಂತರದ್ದೆಲ್ಲ ನಾನು ಕೇಳುದಿಲ್ಲ. ಪಾತ್ರೆ ತೊಳೀಲಿಕ್ಕೆ ಉಂಟು ಅಂತ ಒಳಗೆ ಹೋಗ್ತೇನೆ."

ನನ್ನ ಬಳಿ ಚೇತನನ ಶರ್ಟು ಇರಲಿಲ್ಲ. ಅವನು ಆ ಮೂರು ಸಲ ಹಾಕಿದ್ದ ಶರ್ಟುಗಳ ಬಣ್ಣವೂ ನನಗೆ ನೆನಪಿರಲಿಲ್ಲ.

ಹವಾಮಾನ, ಕಾಲೇಜು, ನೀರುಸಾಂಬಾರು ಎಂದು ನಾನು ಬರೆದ ಹಾಳೆಯನ್ನು ಹಿಡಿದುಕೊಂಡು ಅವನು ಬೇರೊಬ್ಬಳನ್ನು ಓದುತ್ತಿದ್ದ. ಬಿರಿಯಾನಿ ತಿಂದ ಕೈ ಇನ್ನೂ ಆರದ ಗಂಡಸರ ಮಧ್ಯೆ ನನ್ನ ಹೆಸರಿನ ಹೆಂಗಸೊಬ್ಬಳು ಓಡಾಡುತ್ತಿದ್ದಳು. ಅವಳ ಕೈಯ ನಾತ ನನ್ನದು, ಅದಕ್ಕೆ ಅವರು ನಕ್ಕರು. ಅವಳ ಮೈಮೇಲಿನ ಶರ್ಟು ನನ್ನದಲ್ಲ, ಅದಕ್ಕೆ ಅತ್ತರು. ಅದರ ನಂತರದ್ದು ಏನಿತ್ತೋ, ಪಾತ್ರೆ ತೊಳೆಯಲು ಎದ್ದು ಹೋಗುವಂಥದ್ದು, ಅದನ್ನೂ ಅವರು ನನ್ನದೆಂದೇ ಕೇಳಿದರು.

"ಚಾ ಕುಡಿದು ಹೋಗಿ," ಎಂದರು ಹಮೀದ್ ಕಾಕ. ಬೇಡವೆಂದು ಎದ್ದೆ.

ಬಸ್ಸಿನಲ್ಲಿ ಚೀಲದೊಳಗೆ ಬಾಟಲಿಯ ಮುಚ್ಚಳ ಸಡಿಲಾಗಿತ್ತು. ಚಪ್ಪಲಿಯಿಂದ ಸ್ಕ್ರ್ಯಾಪಿನ ನಾತ, ಚೀಲದಿಂದ ಗುಲಾಬಿ. ಮಳೆಗೆ ಶಟರುಗಳೆಲ್ಲ ಇಳಿದಿದ್ದವು. ಬೆಳ್ಳಾರೆಯಲ್ಲಿ ಬಸ್ ನಿಂತಾಗ ಇಳಿದು ಚರಂಡಿಯ ಬದಿಯಲ್ಲಿ ವಾಂತಿ ಮಾಡಿದೆ. ಹಿಂದಿನ ಸೀಟಿನ ಹೆಂಗಸು ನೀರಿನ ಬಾಟಲಿ ಕೊಟ್ಟು, "ಎಷ್ಟು ತಿಂಗಳು?" ಎಂದು ಮೆಲ್ಲನೆ ಕೇಳಿದಳು.

ಮನೆಯಲ್ಲಿ ಅವ್ವನಿಗೆ ಮದುವೆ ಬೇಡ ಎಂದೆ. ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಎಂತ ಮಾಡಿದ ಅವ? ಕುಡೀತಾನಂತಾ?"

"ಇಲ್ಲ."

"ಬೇರೆ ಹೆಂಗಸು ಉಂಟಾ?"

ಉಂಟು ಎನ್ನಬೇಕೆನಿಸಿತು. "ನನ್ನ ಕಾಗದ ಎಲ್ಲರಿಗೆ ಓದಿ ಹೇಳಿದ," ಎಂದೆ.

"ಓದಿದರೆ ಎಂತ ಈಗ? ಓದ್ಲಿಕ್ಕೇ ಅಲ್ಲವಾ ಬರೆಯುದು?" ಅವ್ವ ಅಷ್ಟರಲ್ಲಿ ಪ್ಯಾಕೆಟ್ ಬಿಚ್ಚಿ ಕ್ರೀಮ್ ಮೂಸಿ ನೋಡುತ್ತಿದ್ದಳು. "ಒಳ್ಳೆ ಪರಿಮಳ ಉಂಟು. ಬಿಸಾಡ್ಬೇಡ." ಅವಳ ಹಿಮ್ಮಡಿ ಮಳೆಗಾಲದಲ್ಲಿ ಒಡೆಯುತ್ತಿತ್ತು. ಅಂದಿನಿಂದ ಅವಳು ಅದನ್ನು ಹಿಮ್ಮಡಿಗೆ ಹಚ್ಚಿಕೊಂಡಳು. ಆಟಿಯಿಡೀ ನಮ್ಮ ಮನೆಯ ನೆಲದಲ್ಲಿ ಗುಲಾಬಿ ನಡೆದಾಡಿತು.

ಯಾಕೆ ಬೇಡ ಎಂದು ಅಪ್ಪನಿಗೆ ಹೇಳದೆ ಉಪಾಯವಿರಲಿಲ್ಲ. ಹೇಳಬೇಕಾದರೆ ಕಾಗದದಲ್ಲಿ ಏನಿತ್ತೆಂದು ಹೇಳಬೇಕು. ಅಪ್ಪನ ಕೆಲಸದ ವಾಸನೆಯ ಬಗ್ಗೆ ಅಪ್ಪನ ಮುಂದೆಯೇ ಹೇಳಿದೆ. ಅವರು ಟ್ಯಾಪಿಂಗ್ ಕತ್ತಿಯ ಬಾಯಿ ಮಸೆಯುತ್ತಿದ್ದವರು ನಿಲ್ಲಿಸಿದರು.

"ನಿನಗೆ ನಾಚಿಕೆ ಆಗ್ತಿತ್ತಾ?"

"ಹೌದು."

ತಮ್ಮ ಅಂಗೈಯನ್ನು ಮೂಗಿಗೆ ಹಿಡಿದು ನೋಡಿದರು. "ನನಗೆ ಗೊತ್ತೇ ಆಗುದಿಲ್ಲ ಮಾರಾಯ್ತಿ. ಆ ವಾಸನೆ ನನಗೆ ಬರುದು ನಿಂತು ಎಷ್ಟೋ ವರ್ಷ ಆಯಿತು." ಮತ್ತೆ ಕತ್ತಿಗೆ ಕಲ್ಲು ಹಚ್ಚಿದರು. "ನಿನಗೆ ಬೇಡದಿದ್ದರೆ ಬೇಡ. ಆದರೆ ಈಗ ಆಟಿ. ಸೋಣ ತಿಂಗಳು ಬರಲಿ, ಮಾತಾಡುವ."

ಆಟಿಯಲ್ಲಿ ನಮ್ಮಲ್ಲಿ ಮದುವೆಯ ಮಾತು ಆಡುವುದಿಲ್ಲ. ಕೂಡಿಸುವ ಮಾತು ಮಾತ್ರವಲ್ಲ, ಮುರಿಯುವ ಮಾತನ್ನೂ. ನನ್ನ ಹೇಸಿಗೆಗೂ ಒಳ್ಳೆಯ ತಿಂಗಳು ಬೇಕಿತ್ತು. ಅಲ್ಲಿಯವರೆಗೆ ನಾನು ಅವನ ಹೆಂಡತಿಯಾಗುವವಳೇ. ಪ್ರತಿ ಭಾನುವಾರ ಬಿರಿಯಾನಿಯ ನಂತರ ಆ ಹೆಂಗಸು ಎದ್ದು ಬಂದು ಶರ್ಟು ಹಾಕಿಕೊಳ್ಳುತ್ತಾಳೆ, ನಾನು ಬರೆಯಲಿ, ಬರೆಯದಿರಲಿ.

ಅದೇ ವಾರ ಚೇತನನ ಮೇಲ್ ಬಂತು. "ಪ್ಯಾಕೆಟ್ ಸಿಕ್ಕಿತಾ? ಈಗ ಕೈ ಪರಿಮಳ ಬರ್ತದಾ? ಉದ್ದ ಬರಿ."

ಹಡಗಿಗೆ ಆಟಿ ಇಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ, ಹುಡುಗರು ಊಟಕ್ಕೆ ಹೋದ ಹೊತ್ತಿನಲ್ಲಿ, ಕಂಪ್ಯೂಟರಿನ ಮುಂದೆ ಕೂತೆ. ಈ ಸಲ ಸರಳ ಇಂಗ್ಲಿಷಿನಲ್ಲಿ ಬರೆದೆ. ಅದರ ಅರ್ಥ ಇಷ್ಟು:

"ಊಟದ ಕೋಣೆಯಲ್ಲಿರುವ ಎಲ್ಲರಿಗೂ. ಕ್ರೀಮ್ ತಲುಪಿದೆ. ಅದನ್ನು ನನ್ನ ತಾಯಿ ಹಿಮ್ಮಡಿಗೆ ಹಚ್ಚುತ್ತಿದ್ದಾರೆ. ನನ್ನ ಕೈಯ ಬಗ್ಗೆ ನೀವು ಕೇಳಿದ್ದು ನಿಜ. ಅದನ್ನು ನಾನು ಒಬ್ಬರಿಗೆ ಬರೆದಿದ್ದೆ. ಶರ್ಟಿನ ಬಗ್ಗೆ, ಅದರ ನಂತರದ್ದರ ಬಗ್ಗೆ ನೀವು ಕೇಳಿದ್ದನ್ನು ನಾನು ಬರೆದಿಲ್ಲ. ನನ್ನ ಬಳಿ ಯಾರ ಶರ್ಟೂ ಇಲ್ಲ. ಇದು ನನ್ನ ಕೊನೆಯ ಕಾಗದ. ಇದನ್ನು ಯಾರೂ ನಿಮಗೆ ಹಿಂದಿಯಲ್ಲಿ ಹೇಳಬೇಕಾಗಿಲ್ಲ."

ಕೆಳಗೆ ನನ್ನ ಹೆಸರು ಹಾಕಿದೆ. ಮೇಲೆ, ವಿಷಯ ಎಂಬಲ್ಲಿ, ಯಾರ ಹೆಸರನ್ನೂ ಹಾಕಲಿಲ್ಲ. ಖಾಲಿ ಬಿಟ್ಟು ಕಳಿಸಿದೆ.

ಮರುದಿನ ಕ್ಯಾಪ್ಟನ್ ಉತ್ತರಿಸಿದ್ದರು. "ಸಂದೇಶ ತಲುಪಿದೆ. ಬೋರ್ಡಿಗೆ ಹಚ್ಚಲಾಗಿದೆ." ಆ ಹಡಗಿನಿಂದ ನನಗೆ ಬಂದ ಟಪಾಲುಗಳಲ್ಲಿ ಶುಭ್ರವಾಗಿದ್ದದ್ದು ಅದೊಂದೇ.

ಚೇತನನ ಉತ್ತರ ತಡವಾಗಿ ಬಂತು. ಮೊದಲ ಸಲ ಉದ್ದವಾಗಿ ಬರೆದಿದ್ದ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದು ಮಾಡುವುದಾ, ಸಮುದ್ರದಲ್ಲಿ ಹೊತ್ತು ಹೋಗುವುದಿಲ್ಲ, ಎಲ್ಲರೂ ಅವರವರ ಹೆಂಡಿರ ಕಾಗದ ಓದುತ್ತಾರೆ, ನಿನ್ನ ಕಾಗದದಲ್ಲಿ ಓದುವಂಥದ್ದು ಏನೂ ಇರುವುದಿಲ್ಲ, ನಾನು ಏನು ಮಾಡಲಿ. ಕೊನೆಗೆ: "ಎಲ್ಲರೂ ಸಾರಿ ಹೇಳು ಅಂತಾರೆ. ಸಾರಿ. ಬೋಸನ್ ಕೂಡ ಸಾರಿ ಹೇಳಿದ್ದಾರೆ. ಒಂದು ಒಳ್ಳೆ ಉತ್ತರ ಬರಿ, ಬೋರ್ಡಿಗೆ ಹಾಕ್ತೇನೆ. ಇಲ್ಲದಿದ್ದರೆ ನನಗೆ ಇಲ್ಲಿ ಮುಖ ಇಲ್ಲ."

ಆ ಸಾರಿಯನ್ನೂ ಅವನು ಒಬ್ಬನೇ ಕೂತು ಬರೆದಿರಲಿಲ್ಲ. ನಾನು ಉತ್ತರಿಸಲಿಲ್ಲ.

ಸೋಣ ಸಂಕ್ರಮಣ ಕಳೆದ ಮೇಲೆ ಚೇತನನ ತಾಯಿ ಮರ್ಕಂಜದಿಂದ ಬಂದರು, ಜೊತೆಗೆ ಅವರ ಕಡೆಯ ಹಿರಿಯರಿಬ್ಬರು. ಚಾ ಆಯಿತು. ಅವರು ಕೆಟ್ಟವರಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿ ಕೈ ಹಿಡಿದುಕೊಂಡರು.

"ಒಂದು ಶರ್ಟಿಗೆ ಮದುವೆ ಬಿಡುದಾ ಮಗಳೇ? ಹತ್ತು ಶರ್ಟ್ ನಾನೇ ತಂದು ಕೊಡ್ತೇನೆ. ಹಾಕ್ಕೊಂಡು ಮಲಗು. ಅವ ಹೇಳಿದ್ದು ಸತ್ಯವೇ ಆಗಿ ಬಿಡ್ತದೆ!"

ಚಾವಡಿಯಲ್ಲಿ ಕೂತವರೆಲ್ಲ ನಕ್ಕರು. ಹಿರಿಯರು ನಕ್ಕರು, ಅವ್ವನೂ ಬಾಗಿಲ ಮರೆಯಲ್ಲಿ ನಕ್ಕಳು. ಯಾರ ಚಾವೂ ಮೂಗಿಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ನಾನು ನನ್ನ ಕೈಯನ್ನು ಅವರ ಕೈಯಿಂದ ಬಿಡಿಸಿಕೊಂಡು, "ಶರ್ಟು ಬೇಡ ಅತ್ತೆ," ಎಂದೆ. ಅಪ್ಪ ನಗದೆ ಎದ್ದು ಒಳಗೆ ಹೋಗಿ ಉಂಗುರದ ಡಬ್ಬಿ ತಂದು ಚಾ ತಟ್ಟೆಯ ಪಕ್ಕದಲ್ಲಿಟ್ಟರು.

ಆಮೇಲೆ ಊರಿನವರು ನನ್ನ ಬಗ್ಗೆ ಆಡಿದ್ದು ಬೇಕಾದಷ್ಟಿದೆ. ಕಲಿತ ಹುಡುಗಿಯ ಜಂಬ ಎಂದರು. ಹಡಗಿನವನ ಬೇರೆ ಏನೋ ವಿಷಯ ಇರಬೇಕು, ಇವಳು ಮುಚ್ಚಿಡುತ್ತಿದ್ದಾಳೆ ಎಂದರು. ನಾನು ತಿದ್ದಲು ಹೋಗಲಿಲ್ಲ. ತಿದ್ದಬೇಕಾದರೆ ಕೈಯ ಕಥೆಯನ್ನು ಮತ್ತೆ ಹೇಳಬೇಕು.

ಇನ್ನು ಕಳೆದ ವಾರದ್ದು. "ತಂಗೀ" ಎಂದಾಗ ನಿಂತೆ. ಹಮೀದ್ ಕಾಕನ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿರಲಿಲ್ಲ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಕುರ್ಚಿ ಒರಸಿ ಕೊಟ್ಟರು, ನಾನು ಕೂರಲಿಲ್ಲ.

"ಅದೇ ಹಡಗಿಗೆ ಮತ್ತೆ ಹೋಗಿ ಬಂದೆ," ಎಂದರು. "ಚೇತನ್ ಬೇರೆ ಕಂಪನಿಗೆ ಹೋದ, ಮದುವೆ ಆಯಿತು ಅವನಿಗೆ, ಗೊತ್ತುಂಟಲ್ಲ? ಬೋಸನ್ ಊರಿಗೆ ಹೋದ. ಈಗ ಕಾಗದ ಓದುವ ಕ್ರಮವೇ ಇಲ್ಲ ತಂಗಿ. ಎಲ್ಲರ ಕ್ಯಾಬಿನ್ನಿಗೂ ವೈಫೈ ಬಂದಿದೆ, ಬಿರಿಯಾನಿ ತಟ್ಟೆ ಹಿಡ್ಕೊಂಡು ಅವರವರ ರೂಮಿಗೆ. ಆದರೆ ನಿಮ್ಮದು ಮಾತ್ರ ಇನ್ನೂ ಉಂಟು."

"ನನ್ನದು ಎಂತದು?"

"ಬೋರ್ಡಿನಲ್ಲಿ, ನಿಮ್ಮ ಕೊನೆಯ ಕಾಗದ. ಯಾರೂ ತೆಗೀಲಿಲ್ಲ. ಹೊಸಬ ಹತ್ತಿದರೆ ಮೊದಲು ಅದನ್ನೇ ಓದಿಸುದು. ಎಣ್ಣೆ ತಾಗಬಾರದು ಅಂತ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದಾರೆ. ಕೆಲವರು ಫೋಟೋ ತೆಗೆದು ಮನೆಗೆ ಕಳಿಸ್ತಾರೆ." ಅವರ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ನನ್ನ ಪರವಾಗಿ.

ಗಂಟಲಲ್ಲಿ ಗುಲಾಬಿ ಏರಿ ಬಂತು. ನುಂಗಿಕೊಂಡೆ.

"ಕಾಕ, ಪುನಃ ಯಾವಾಗ ಹೋಗುದು?"

"ಮುಂದಿನ ತಿಂಗಳು."

"ಹೋದ ದಿನವೇ ಅದನ್ನು ತೆಗೀರಿ."

"ತೆಗೆದು? ಇಲ್ಲಿಗೆ ತರಬೇಕಾ?"

"ಬೇಡ. ಹರಿದು ಸಮುದ್ರಕ್ಕೆ ಹಾಕಿ."

ಅವರಿಗೆ ಗಾಬರಿಯಾಯಿತು. "ಅಯ್ಯೋ, ಸಮುದ್ರಕ್ಕೆ ಕಾಗದದ ಚೂರೂ ಹಾಕುವಂತಿಲ್ಲ ತಂಗಿ, ಕಾನೂನು ಉಂಟು. ಪ್ಲಾಸ್ಟಿಕ್ ಬಿಡಿಸಿ ಬೇರೆ ಇಡಬೇಕು, ಕಾಗದವನ್ನು ಸುಡುವ ಮೆಷಿನ್ನಿಗೆ ಹಾಕ್ಬೇಕು. ಎಂತ ಸುಟ್ಟದ್ದು ಅಂತ ಪುಸ್ತಕದಲ್ಲಿ ಬರೆದು ಆಫೀಸರನ ಸಹಿ ಬೇರೆ ಹಾಕಿಸ್ಬೇಕು." ಸ್ವಲ್ಪ ಯೋಚಿಸಿ ಕೇಳಿದರು, "ಎಂತ ಅಂತ ಬರೆಯಲಿ? ನಿಮ್ಮ ಕಾಗದ ಅಂತಲಾ?"

"ಕಸ ಅಂತ ಬರೀರಿ ಕಾಕ. ಹೆಸರು ಹಾಕಬೇಡಿ."